ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕು

ಗಾಡಿ ಓಡಿಸುವಾಗ ಗಂಡ ಹೆಂಡತಿಗೆ ಯಾವ ವಿಷಯಕ್ಕೆ ಜಗಳ ಆಗುತ್ತದೆ ಬರೆಯಿರಿ ಅಂತ ಹೋದ ತಿಂಗಳು ಕೇಳಿದ್ದೆ. ದೊಡ್ಡ ವಿಷಯ ಯಾರೂ ಬರೆದಿಲ್ಲ. ಬರೀ ಬೆಲ್ಟು, ಹ್ಯಾಂಡ್‌ಬ್ರೇಕು, ಬಾಗಿಲು, ಫೋನು. ಐದು ಪತ್ರ ಆರಿಸಿದ್ದೇನೆ. ಹೆಸರು ಹಾಕಿಲ್ಲ. ಇಬ್ಬರೂ ಇದೇ ಪತ್ರಿಕೆ ಓದುತ್ತಾರಂತೆ, ನನಗ್ಯಾಕೆ ಆ ಪಾಪ.

ಪ್ರಶ್ನೆ: ಹದಿನಾರು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದು ಗೀರೂ ಬಿದ್ದಿಲ್ಲ. ಆದರೂ ಹೆಂಡತಿ ಪಕ್ಕದಲ್ಲಿ ಕೂತರೆ ಸಾಕು, ಮುಂದಿನ ಗಾಡಿಯ ಕೆಂಪು ಲೈಟು ಹತ್ತಿದ ಕೂಡಲೇ ಕಾಲಿನಿಂದ ನೆಲ ಒತ್ತುತ್ತಾಳೆ, ಮೇಲಿನ ಹಿಡಿ ಹಿಡಿದುಕೊಳ್ಳುತ್ತಾಳೆ, ‘ಹಾ’ ಅಂತ ಉಸಿರು ಎಳೆದುಕೊಳ್ಳುತ್ತಾಳೆ. ಆ ಉಸಿರಿನ ಸದ್ದಿಗೇ ನನಗೆ ಸಿಟ್ಟು ಬರುತ್ತದೆ. ನನ್ನ ಮೇಲೆ ನಂಬಿಕೆ ಇಲ್ವಾ ಅಂದರೆ ‘ನಂಬಿಕೆ ಬೇರೆ, ಬ್ರೇಕ್ ಬೇರೆ’ ಅಂತಾಳೆ. ಇದಕ್ಕೆ ಔಷಧ ಇದೆಯಾ?

ಉತ್ತರ: ನಿಮ್ಮ ಹೆಂಡತಿಯ ಮಾತನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಅಷ್ಟು ಹಿಡಿಸಿತು.

ಈಗ ಅವರ ಸೀಟಿನಲ್ಲಿ ಒಂದು ಸಲ ಕೂತು ನೋಡಿ. ಮುಂದಿನವನು ಬ್ರೇಕ್ ಹಾಕಿದಾಗ ನಿಮ್ಮ ಕಾಲು ಆಗಲೇ ಆಕ್ಸಿಲರೇಟರ್ ಬಿಟ್ಟಿರುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ನಿಮ್ಮ ತಲೆಯಲ್ಲಿ ಲೆಕ್ಕ ಆಗಿರುತ್ತದೆ. ಆ ಲೆಕ್ಕ ಅವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಮುಂದಿನ ಗಾಡಿಯ ಹಿಂಭಾಗ ದೊಡ್ಡದಾಗುತ್ತಾ ಬರುವುದು, ಅಷ್ಟೇ. ತಿರುವಿನ ರಸ್ತೆಯಲ್ಲಿ ಪಕ್ಕದವರಿಗೆ ವಾಕರಿಕೆ ಬರುತ್ತದೆ, ಓಡಿಸುವವರಿಗೆ ಅಷ್ಟಾಗಿ ಬರುವುದಿಲ್ಲ, ಗಮನಿಸಿದ್ದೀರಾ? ಗಾಡಿ ಮುಂದೆ ಏನು ಮಾಡುತ್ತದೆ ಅಂತ ಓಡಿಸುವವರ ಮೈಗೆ ಮೊದಲೇ ಗೊತ್ತಿರುತ್ತದೆ. ಪಕ್ಕದವರಿಗೆ ಆದ ಮೇಲೆ ಗೊತ್ತಾಗುತ್ತದೆ.

ಆದರೆ ವಿಷಯ ಬರೀ ಹೆದರಿಕೆಯದ್ದೋ, ನೀವು ನಿಜವಾಗಿ ಹತ್ತಿರ ಹೋಗುತ್ತೀರೋ, ಅದನ್ನು ನೋಡಿಬಿಡೋಣ. ಮುಂದಿನ ಗಾಡಿ ಒಂದು ಕಂಬವನ್ನೋ ಮರವನ್ನೋ ದಾಟಿದ ಕೂಡಲೇ ‘ನೂರಾ ಒಂದು, ನೂರಾ ಎರಡು’ ಅಂತ ಸಮಾಧಾನವಾಗಿ ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಂಬ ದಾಟಿದರೆ ಹತ್ತಿರ ಇದ್ದೀರಿ ಅಂತ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣಿಗೆ ಕಂಡದ್ದು ತಲೆಗೆ ಹೋಗಿ, ತಲೆಯಿಂದ ಕಾಲಿಗೆ ಬರುವುದಕ್ಕೇ ಒಂದು, ಒಂದೂವರೆ ಸೆಕೆಂಡು ಬೇಕು. ಅಂದರೆ ಬ್ರೇಕ್ ಹಿಡಿಯುವ ಮೊದಲೇ 17ರಿಂದ 25 ಮೀಟರ್ ಹೋಗಿರುತ್ತದೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲುವುದಕ್ಕೆ ಬೇಕಾದ ಜಾಗ ಬೇರೆ. ವೇಗ ಎರಡು ಪಟ್ಟಾದರೆ ಆ ಜಾಗ ನಾಲ್ಕು ಪಟ್ಟು ಆಗುತ್ತದೆ, ಎರಡು ಪಟ್ಟಲ್ಲ. ಮಳೆಯಲ್ಲಿ ಎರಡರ ಬದಲು ನಾಲ್ಕು ಎಣಿಸಿ.

ಹದಿನಾರು ವರ್ಷ ಗೀರು ಬಿದ್ದಿಲ್ಲ ಅನ್ನುವುದು ನಿಜಕ್ಕೂ ದೊಡ್ಡದೇ. ಆದರೆ ಅಷ್ಟು ವರ್ಷ ನಿಮ್ಮ ಮುಂದೆ ಹೋದವರು ಯಾರೂ ಕಿರ್ ಅಂತ ಬ್ರೇಕ್ ಹಾಕಲಿಲ್ಲ ಅನ್ನುವುದೂ ಅದರಲ್ಲಿ ಸೇರಿದೆ, ಅಲ್ವಾ?

ಅವರಿಗೂ ಒಂದು ಮಾತು. ಉಸಿರು ಎಳೆದುಕೊಂಡರೆ ಓಡಿಸುವವರ ಕಣ್ಣು ರಸ್ತೆ ಬಿಟ್ಟು ನಿಮ್ಮ ಕಡೆ ತಿರುಗುತ್ತದೆ, ಬೇಕಿದ್ದದ್ದಕ್ಕೆ ಉಲ್ಟಾ. ‘ಹಾ’ ಬದಲು ಒಂದೇ ಒಂದು ಪದ ಇಟ್ಟುಕೊಳ್ಳಿ, ‘ಗ್ಯಾಪ್’ ಅಂತ. ಆ ಪದ ಬಂದರೆ ಇವರು ಎದುರು ಮಾತಾಡದೆ ಕಾಲು ಎತ್ತಬೇಕು. ವಾದ ಮಾಡುವುದಿದ್ದರೆ ಗಾಡಿ ನಿಂತ ಮೇಲೆ ಮಾಡಲಿ. ಈ ಅಂಕಣದಲ್ಲಿ ನಾನು ಒಂದೇ ಕಡೆ ವಾಲುತ್ತೇನೆ, ಮೊದಲೇ ಹೇಳಿಬಿಡುತ್ತೇನೆ: ಸ್ಟೇರಿಂಗ್ ಇಲ್ಲದವರು ಹೆದರಿದರೆ ಅವರ ಮಾತು ನಡೆಯಬೇಕು. ಒತ್ತುವುದಕ್ಕೆ ಅವರ ಹತ್ತಿರ ಏನೂ ಇಲ್ಲ, ನೆಲ ಬಿಟ್ಟರೆ.

ಪ್ರಶ್ನೆ: ನಮ್ಮನೆಯವರು ಬೆಲ್ಟನ್ನು ಕೊಂಡಿಗೆ ಸಿಕ್ಕಿಸಿ, ಅದರ ಮುಂದೆ ಕೂರುತ್ತಾರೆ. ಅಂದರೆ ಬೆಲ್ಟು ಬೆನ್ನ ಹಿಂದೆ! ಟಿಣ್ ಟಿಣ್ ಸದ್ದು ಬರದೆ ಇರಲಿ ಅಂತ. ‘ರೀ, ಅದು ಸದ್ದು ನಿಲ್ಲಿಸೋಕೆ ಇರೋದಲ್ಲ’ ಅಂದರೆ, ‘ಹೊಟ್ಟೆ ಒತ್ತುತ್ತೆ ಕಣೆ, ಏರ್‌ಬ್ಯಾಗ್ ಇದೆಯಲ್ಲ’ ಅನ್ನುತ್ತಾರೆ. ಹೇಗೆ ಒಪ್ಪಿಸಲಿ?

ಉತ್ತರ: ಒಪ್ಪಿಸಬೇಡಿ. ಇದರಲ್ಲಿ ಚರ್ಚೆಯೇ ಇಲ್ಲ. ಬೆಲ್ಟು ಎದೆಯ ಮೇಲೆ ಬರುವವರೆಗೆ ಹತ್ತುವುದಿಲ್ಲ ಅಂತ ಹೊರಗೇ ನಿಂತುಬಿಡಿ. ಎರಡು ದಿನ ತಡವಾಗುತ್ತದೆ, ಮೂರನೇ ದಿನ ಅವರೇ ಹಾಕಿಕೊಳ್ಳುತ್ತಾರೆ.

ಏರ್‌ಬ್ಯಾಗ್ ಇದ್ದರೆ ಬೆಲ್ಟು ಯಾಕೆ ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಬ್ಯಾಗು ಉಬ್ಬುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಬೇಗ, ನಾವು ಕಣ್ಣು ಮಿಟುಕಿಸುವುದರೊಳಗೆ. ಬೆಲ್ಟು ಹಿಡಿದಿಟ್ಟ ಮನುಷ್ಯ ಉಬ್ಬಿದ ಬ್ಯಾಗಿಗೆ ಒರಗುತ್ತಾನೆ. ಬೆಲ್ಟು ಇಲ್ಲದವನು ಬ್ಯಾಗು ಇನ್ನೂ ಉಬ್ಬುತ್ತಿರುವಾಗಲೇ ಅದಕ್ಕೆ ಎದುರು ಹೋಗಿ ಮುಖ ಕೊಡುತ್ತಾನೆ. ಅಷ್ಟು ಜೋರಾಗಿ ಬರುವ ವಸ್ತುವಿಗೆ ಯಾರಾದರೂ ಎದುರು ಹೋಗುತ್ತಾರಾ? ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವವನ ಮೈಯಲ್ಲಿರುವ ವೇಗ, ಸುಮಾರು 10 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ ಇರುವಷ್ಟೇ. ಮೂರು ಅಂತಸ್ತಿನ ಮೇಲಿಂದ ಬೀಳುವಾಗ ಸ್ಟೇರಿಂಗ್ ಹಿಡಿದುಕೊಂಡರೆ ಸಾಕು ಅಂತ ಯಾರೂ ಅನ್ನುವುದಿಲ್ಲ.

ಹೊಟ್ಟೆ ಒತ್ತುತ್ತದೆ ಅಂದರೆ ಹಾಕಿಕೊಳ್ಳುವುದು ತಪ್ಪಾಗಿದೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಇರಲೇಬಾರದು, ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲಿನ ಪಟ್ಟಿ ಕುತ್ತಿಗೆಗೂ ತಾಗದೆ ಭುಜದಿಂದ ಜಾರದೆ ನಡುವೆ ಬರಬೇಕು. ಬಾಗಿಲ ಪಕ್ಕದ ಕಂಬದ ಹತ್ತಿರ ಅದನ್ನು ಮೇಲೆ ಕೆಳಗೆ ಮಾಡುವ ಗುಂಡಿ ತುಂಬಾ ಗಾಡಿಗಳಲ್ಲಿ ಇದೆ, ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ.

ಈ ಮೂರು ಕಡೆ ಹಿಡಿಯುವ ಬೆಲ್ಟನ್ನು ಈಗಿನ ರೂಪಕ್ಕೆ ತಂದವರು ವೋಲ್ವೋ ಕಂಪನಿಯ ನಿಲ್ಸ್ ಬೊಹ್ಲಿನ್, 1959ರಲ್ಲಿ. ಪೇಟೆಂಟನ್ನು ಕಂಪನಿ ಬಾಕಿ ತಯಾರಕರಿಗೂ ಬಿಟ್ಟುಕೊಟ್ಟಿತು. ಬೊಹ್ಲಿನ್ ಅದಕ್ಕೆ ಮೊದಲು ವಿಮಾನದಿಂದ ಪೈಲಟ್‌ನನ್ನು ಸೀಟಿನ ಸಮೇತ ಹೊರಗೆ ಎಸೆಯುವ ಸಾಧನದ ಕೆಲಸದಲ್ಲಿದ್ದರು. ಮನುಷ್ಯ ಹೊರಗೆ ಹಾರುವುದು ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಹಿಂದಿನ ಸೀಟಿನವರಿಗೂ ಇದೇ ಲೆಕ್ಕ. ಬೆಲ್ಟಿಲ್ಲದೆ ಹಿಂದೆ ಕೂತವರು ಬಂದು ಬಡಿಯುವುದು ಮುಂದೆ ಕೂತವರ ಬೆನ್ನಿಗೇ.

ಪ್ರಶ್ನೆ: ಕಾರಿನ ಬಾಗಿಲನ್ನು ಹತ್ತಿರದ ಕೈಯಿಂದ ತೆಗೆಯಬೇಡ, ಆ ಕಡೆಯ ಕೈಯಿಂದ ತೆಗೆ ಅಂತ ಗಂಡ ಪೀಡಿಸುತ್ತಾರೆ. ನನಗೆ ಸರ್ಕಸ್ ಮಾಡಿದ ಹಾಗೆ ಅನಿಸುತ್ತದೆ.

ಉತ್ತರ: ಸರ್ಕಸ್ಸೇ, ಆದರೆ ಒಳ್ಳೆಯ ಸರ್ಕಸ್ಸು. ಆ ಕಡೆಯ ಕೈ ಚಾಚಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಕಣ್ಣು ತಾನಾಗಿ ಹಿಂದಿನ ರಸ್ತೆಗೆ ಹೋಗುತ್ತದೆ, ಸೈಕಲ್ಲೋ ಬೈಕೋ ಬರುತ್ತಿದ್ದರೆ ಕಾಣುತ್ತದೆ. ಇದಕ್ಕೆ ‘ಡಚ್ ರೀಚ್’ ಅಂತ ಹೆಸರೇ ಇದೆ. ವಾರ ಮಾಡಿ, ಆಮೇಲೆ ಕೈ ತಾನೇ ಹೋಗುತ್ತದೆ.

ಪ್ರಶ್ನೆ: ಎದುರಿನ ಗಾಡಿಗಳ ಸಾಲು ದಾಟಿ ತಿರುಗಬೇಕಾದಾಗ ರಸ್ತೆ ಮಧ್ಯೆ ನಿಂತು ಕಾಯುತ್ತೇವಲ್ಲ, ಆಗ ನಾನು ಚಕ್ರ ನೇರವಾಗಿ ಇಟ್ಟುಕೊಂಡೇ ಕಾಯುತ್ತೇನೆ. ಅವರು ‘ಈಗಲೇ ತಿರುಗಿಸಿ ಇಟ್ಕೋ, ಜಾಗ ಸಿಕ್ಕ ಕೂಡಲೇ ಹೋಗಬಹುದು’ ಅಂತಾರೆ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕೂ ಎಳೆದು ಗೇರಿನಲ್ಲೂ ಬಿಡುತ್ತೇನೆ, ಅದಕ್ಕೂ ನಗು. ಡ್ಯಾಶ್‌ಬೋರ್ಡ್ ಮೇಲೆ ಸಾಮಾನು ಇಡಬೇಡಿ ಅಂದರೆ ‘ನೀನು ಗಾಡಿ ಓಡಿಸ್ತಿದೀಯೋ, ಪರೀಕ್ಷೆ ಬರೀತಿದೀಯೋ’ ಅಂತ ಕೇಳುತ್ತಾರೆ. ಹೋದ ವಾರ ಇದಕ್ಕೇ ಎರಡು ದಿನ ಮಾತು ಬಿಟ್ಟಿದ್ದೆವು. ನಾನು ಜಾಸ್ತಿ ಮಾಡ್ತಿದೀನಾ?

ಉತ್ತರ: ಇಲ್ಲ. ಮೂರರಲ್ಲೂ ನೀವೇ ಸರಿ. ಅದರಲ್ಲೂ ಚಕ್ರದ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಿಂತಿರುವಾಗ ಹಿಂದಿನಿಂದ ಯಾರೋ ಬಂದು ಗುದ್ದಿದರು ಅಂತ ಇಟ್ಟುಕೊಳ್ಳಿ. ಚಕ್ರ ನೇರ ಇದ್ದರೆ ನಿಮ್ಮ ಗಾಡಿ ನಿಮ್ಮ ಸಾಲಿನಲ್ಲೇ ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ. ಚಕ್ರ ಮೊದಲೇ ತಿರುಗಿಸಿದ್ದರೆ ಅದೇ ಗುದ್ದು ನಿಮ್ಮನ್ನು ಸೀದಾ ಎದುರಿನಿಂದ ಬರುವವರ ಮುಂದೆ ತಳ್ಳುತ್ತದೆ. ಹಿಂಭಾಗಕ್ಕೆ ಆಗಬೇಕಿದ್ದ ಪೆಟ್ಟಿನ ಜೊತೆ ಮುಂಭಾಗಕ್ಕೆ ಇನ್ನೊಂದು. ಮೊದಲೇ ತಿರುಗಿಸಿ ಇಟ್ಟುಕೊಂಡರೆ ಉಳಿಯುವ ಸಮಯ ಅರ್ಧ ಸೆಕೆಂಡೂ ಇರಲಿಕ್ಕಿಲ್ಲ. ಕಾಯುವಾಗ ಬ್ರೇಕ್ ಮೇಲೆ ಕಾಲೂ ಇರಲಿ, ಹಿಂದಿನವರಿಗೆ ಕೆಂಪು ಲೈಟು ಕಾಣುತ್ತದೆ.

ಹ್ಯಾಂಡ್‌ಬ್ರೇಕ್ ಕೇಬಲ್ಲು ವರ್ಷ ಕಳೆದ ಹಾಗೆ ಸಡಿಲ ಆಗುತ್ತದೆ, ಗೇರು ಜೊತೆಗಿದ್ದರೆ ಇಂಜಿನ್ನೂ ಹಿಡಿದುಕೊಳ್ಳುತ್ತದೆ. ಏರಿಗೆ ಮುಖ ಮಾಡಿ ನಿಲ್ಲಿಸಿದರೆ ಫಸ್ಟ್ ಗೇರು, ಇಳಿಜಾರಿಗೆ ಮುಖ ಮಾಡಿದರೆ ರಿವರ್ಸು. ಆಟೋಮ್ಯಾಟಿಕ್ ಗಾಡಿಯಾದರೆ ಮೊದಲು ಹ್ಯಾಂಡ್‌ಬ್ರೇಕ್ ಎಳೆದು ಆಮೇಲೆ ‘ಪಿ’ಗೆ ಹಾಕಿ ಕಾಲಿನ ಬ್ರೇಕ್ ಬಿಡಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಗೇರ್‌ಬಾಕ್ಸಿನ ಒಳಗಿನ ಒಂದು ಪುಟ್ಟ ಕೊಕ್ಕೆಯ ಮೇಲೆ ಬೀಳುತ್ತದೆ.

ಮೂರನೆಯದಕ್ಕೆ ನನ್ನದೇ ಕಥೆ ಇದೆ, ಹೇಳಿಕೊಳ್ಳಲು ನಾಚಿಕೆ. ನಮ್ಮ ಮನೆಯಲ್ಲಿ ಸಾಮಾನು ಇಡಬೇಡ ಅಂತ ಹೇಳುವವರು ನಮ್ಮನೆಯವರು, ಕೇಳದೆ ಇರುವವಳು ನಾನು. ಒಂದು ದಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ, ಪೆಡಲ್ಲು ಅರ್ಧಕ್ಕೇ ನಿಂತಿತು. ಏನೋ ಮೆತ್ತಗೆ ಅಡ್ಡ ಬಂದ ಹಾಗೆ. ಕೆಳಗೆ ನೋಡುವ ಹಾಗಿಲ್ಲ, ಮುಂದೆ ಗಾಡಿ ಇದೆ. ಎಷ್ಟು ಬಲ ಇತ್ತೋ ಅಷ್ಟೂ ಹಾಕಿ ಒತ್ತಿದೆ, ‘ಚಟ್’ ಅಂತ ಸದ್ದಾಯಿತು, ಕಾಲೆಲ್ಲ ಒದ್ದೆ, ಗಾಡಿ ನಿಂತಿತು. ಪಕ್ಕದ ಸೀಟಿನ ಮೇಲೆ ನಾನೇ ಎಸೆದಿದ್ದ ಅರ್ಧ ಲೀಟರ್ ನೀರಿನ ಬಾಟಲಿ ಉರುಳಿ ಪೆಡಲ್ ಕೆಳಗೆ ಹೋಗಿತ್ತು. ತೆಳು ಪ್ಲಾಸ್ಟಿಕ್ಕು ಆದದ್ದಕ್ಕೆ ಚಪ್ಪಟೆ ಆಯಿತು. ಸ್ಟೀಲಿನದ್ದಾಗಿದ್ದರೆ ಈ ಉತ್ತರ ಬೇರೆ ಯಾರೋ ಬರೆಯುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನಮ್ಮನೆಯವರು ಮನೆ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರ ಆಗುತ್ತಿದ್ದೆ.

ಒಂದು ಮಾತ್ರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಓಡಿಸುವಾಗ ಈ ಮೂರನ್ನೂ ಒಟ್ಟಿಗೆ ಹೇಳುತ್ತೀರಿ ಅಂತ ನಿಮ್ಮ ಪತ್ರ ನೋಡಿದರೆ ಅನಿಸುತ್ತದೆ. ಚಕ್ರದ ಮಾತು ಮೊದಲು ಆಡಿ, ಅದೂ ಊಟದ ಹೊತ್ತಿನಲ್ಲಿ, ಎರಡು ಬೆಂಕಿಪೊಟ್ಟಣ ಇಟ್ಟು ಹಿಂದಿನಿಂದ ತಳ್ಳಿ ತೋರಿಸಿ. ಹ್ಯಾಂಡ್‌ಬ್ರೇಕ್ ವಿಷಯಕ್ಕೆ ನಗುತ್ತಿದ್ದರೆ ನಗಲಿ ಬಿಡಿ, ಎಳೆಯುವವರು ನೀವೇ ತಾನೇ.

ಪ್ರಶ್ನೆ: ಗಾಡಿ ಓಡಿಸುವಾಗ ನಾನು ಫೋನ್ ತೆಗೆಯುವುದಿಲ್ಲ. ಹೆಂಡತಿ ಒಂದರ ಹಿಂದೆ ಒಂದು ಕಾಲ್ ಮಾಡುತ್ತಾಳೆ, ಮನೆಗೆ ಹೋದರೆ ಮುಖ ಊದಿಸಿಕೊಂಡಿರುತ್ತಾಳೆ. ‘ಬ್ಲೂಟೂತ್ ಇದೆಯಲ್ಲ, ಒಂದು ಮಾತು ಆಡೋಕೆ ಆಗಲ್ವಾ’ ಅಂತ. ಅವಳು ಕೇಳುವುದೂ ನ್ಯಾಯ ಅನಿಸುತ್ತದೆ.

ಉತ್ತರ: ನ್ಯಾಯ ಅನಿಸುತ್ತದೆ, ಆದರೆ ಸೋಲಬೇಡಿ. ಬ್ಲೂಟೂತ್ ಬಿಡಿಸುವುದು ಕೈಯನ್ನು, ತಲೆಯನ್ನಲ್ಲ. ಪಕ್ಕದಲ್ಲಿ ಕೂತವರು ಮಾತಾಡುತ್ತಿದ್ದರೂ ಮುಂದೆ ಲಾರಿ ಅಡ್ಡ ಬಂದರೆ ತಾವಾಗಿ ಸುಮ್ಮನಾಗುತ್ತಾರೆ. ಫೋನಿನ ಆ ಕಡೆ ಇರುವವರಿಗೆ ಲಾರಿ ಕಾಣುವುದಿಲ್ಲ, ‘ಹಲೋ, ಕೇಳಿಸ್ತಿದೆಯಾ’ ಅಂತ ಇನ್ನೂ ಜೋರಾಗಿ ಕೇಳುತ್ತಾರೆ. ಯಾರ ಕಾಲ್ ಅಂತ ಬರೀ ಎರಡು ಸೆಕೆಂಡು ಸ್ಕ್ರೀನ್ ನೋಡಿದರೂ, 80ರ ವೇಗದಲ್ಲಿ 44 ಮೀಟರ್ ಕಣ್ಣು ಮುಚ್ಚಿ ಹೋದ ಹಾಗೆ.

ಆದರೆ ಅವರ ಕಡೆಯಿಂದಲೂ ನೋಡಿ. ರಿಂಗ್ ಆಗುತ್ತಲೇ ಇದೆ, ತೆಗೆಯುತ್ತಿಲ್ಲ. ಮನೆಯಲ್ಲಿ ಕೂತವರಿಗೆ ಎಲ್ಲ ಕೆಟ್ಟ ಯೋಚನೆಯೂ ಬರುವುದು ಆ ಹೊತ್ತಿನಲ್ಲೇ. ಇದೂ ಪಕ್ಕದ ಸೀಟೇ, ಸ್ವಲ್ಪ ದೂರದಲ್ಲಿದೆ. ಹಾಗಾಗಿ ಕೀ ತಿರುಗಿಸುವ ಮೊದಲು ‘ಹೊರಟೆ, ಇಷ್ಟು ಹೊತ್ತಿಗೆ ಬರ್ತೀನಿ’ ಅಂತ ಒಂದು ಮೆಸೇಜ್ ಹಾಕಿ, ಲೊಕೇಶನ್ ಶೇರ್ ಮಾಡಿ ಫೋನನ್ನು ಕೈಗೆ ಎಟುಕದ ಕಡೆ ಇಡಿ. ಡ್ರೈವಿಂಗ್ ಮಾಡುತ್ತಿದ್ದಾರೆ ಅಂತ ತಾನಾಗಿ ಉತ್ತರ ಕಳಿಸುವ ಸೆಟ್ಟಿಂಗ್ ಈಗ ತುಂಬಾ ಫೋನುಗಳಲ್ಲಿ ಇದೆ, ಹಾಕಿಕೊಳ್ಳಿ. ನಿಜಕ್ಕೂ ಅರ್ಜೆಂಟ್ ಇದ್ದರೆ ಒಂದು ಗುರುತು ಮಾಡಿಕೊಳ್ಳಿ: ಬೆನ್ನು ಬೆನ್ನಿಗೆ ಮೂರು ಸಲ ರಿಂಗ್ ಬಂದರೆ ನೀವು ಪಕ್ಕಕ್ಕೆ ನಿಲ್ಲಿಸಿ ವಾಪಸ್ ಮಾಡುತ್ತೀರಿ. ಬರುವಾಗ ಏನು ತರಬೇಕು ಅಂತ ಹೇಳುವುದಕ್ಕೆ ಆ ಮೂರು ರಿಂಗು ಕೊಡುವ ಹಾಗಿಲ್ಲ, ಇದನ್ನು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ. ಆಮೇಲೂ ಕೊಟ್ಟರೆ ಇನ್ನೊಂದು ಪತ್ರ ಹಾಕಿ, ಈ ಸಲ ಅವರ ಕೈಲೇ ಬರೆಸಿ.