ಕಳೆದ ಚೆಂಡಿಗೆ ಮೂರೇ ನಿಮಿಷ

ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಶ್ರೀಧರ್ ಅನ್ನೋಣ. ವಯಸ್ಸು 61, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೆಂಡತಿ. “ಸಾಸಿವೆ ಡಬ್ಬಿ ಎಲ್ಲಿಡಬೇಕು ಅಂತ ಈಗ ಇವರು ನನಗೆ ಹೇಳಿಕೊಡ್ತಾರೆ ಮೇಡಂ” ಅಂದರು. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಹಳೇ ಗೆಳೆಯರ ಫೋನ್ ಬಂದರೆ ಎತ್ತುವುದಿಲ್ಲ.

ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ 27ಕ್ಕೆ 13 ಬಂತು. ಅಂದರೆ ಮಧ್ಯಮ ಮಟ್ಟ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ, ಇಲ್ಲ ಅಂದರು. ಥೈರಾಯ್ಡ್, ಸಕ್ಕರೆ ಎಲ್ಲ ಸರಿಯಿತ್ತು.

“ಮನಸ್ಸು ಬಂದಾಗ ಮಾಡ್ತೀನಿ ಅಂತ ಕಾಯಬೇಡಿ, ಮೊದಲು ಮಾಡಿ, ಮನಸ್ಸು ಹಿಂದೆ ಬರುತ್ತೆ” ಅಂದೆ. ವಾರಕ್ಕೆ ಎರಡು ಸಲ, ಮನೆಯ ಹೊರಗೆ, ಇನ್ನೊಬ್ಬರ ಜೊತೆ ಏನಾದರೊಂದು. ದೇವಸ್ಥಾನ ಬೇಡ ಅಂದರು. ಪಾರ್ಕಿನ ನಗೆಕೂಟ ಬೇಡವೇ ಬೇಡ. ಕೊನೆಗೆ ಹಳೇ ಸಹೋದ್ಯೋಗಿಯೊಬ್ಬರು ಗಾಲ್ಫ್ ಡ್ರೈವಿಂಗ್ ರೇಂಜ್‌ಗೆ, ಅಂದರೆ ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿಗೆ, ಎಳೆದುಕೊಂಡು ಹೋದರು.

ನಿಜ ಹೇಳಬೇಕೆಂದರೆ ನಾನೇ ಮೂಗು ಮುರಿದೆ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಬ್ರಿಟಿಷರ ಕಾಲದಲ್ಲಿ. ಸಾಹೇಬರ ಆಟ ಅನ್ನುವ ಹೆಸರು ಇನ್ನೂ ಹೋಗಿಲ್ಲ. ದೊಡ್ಡ ಕ್ಲಬ್ಬಿನ ಸದಸ್ಯತ್ವಕ್ಕೆ ಲಕ್ಷಗಟ್ಟಲೆ ಬೇಕು. ಆದರೆ ಒಂದು ಬುಟ್ಟಿ ಚೆಂಡು ಹೊಡೆದು ಬರೋಕೆ ಅಷ್ಟೆಲ್ಲ ಬೇಡ ಅಲ್ವಾ. ಮೊದಲ ದಿನ ಐದು ಬೀಸಿನಲ್ಲಿ ಮೂರು ಬರೀ ಗಾಳಿಗೆ ಹೋದವಂತೆ. ಪಕ್ಕದ ಹುಡುಗ ನಕ್ಕ, ಇವರೂ ನಕ್ಕರು. “ತಿಂಗಳುಗಳಾಗಿತ್ತು” ಅಂದರು ಹೆಂಡತಿ.

ತಿಂಗಳೊಳಗೆ ಗೆಳೆಯರ ಅತಿಥಿಯಾಗಿ ಒಂಬತ್ತು ಹೋಲ್, ಅಂದರೆ ಒಂಬತ್ತು ಗುಳಿಗೆ ಚೆಂಡು ಸೇರಿಸುವ ಅರ್ಧ ಆಟ, ಆಡತೊಡಗಿದರು. ಎಡವಟ್ಟಾದದ್ದು ಆಗಲೇ. ಹೊಸ ನೋಟ್‌ಬುಕ್ ಬಂತು. ಪ್ರತಿ ಹೊಡೆತ, ಪ್ರತಿ ತಪ್ಪು ಅದರಲ್ಲಿ. ರಾತ್ರಿ ಹನ್ನೆರಡರವರೆಗೆ ಯೂಟ್ಯೂಬ್‌ನಲ್ಲಿ ಸ್ವಿಂಗ್ ಪಾಠ. ನಿದ್ದೆ ಮತ್ತೆ ಕೆಟ್ಟಿತು. ಬಿಟ್ಟು ಬಂದ ಕೆಲಸವನ್ನು ಹುಲ್ಲಿನ ಮೇಲೆ ಮತ್ತೆ ಶುರುಮಾಡಿದ್ದರು ಮನುಷ್ಯ! ಒಂದು ದಿನ ಸ್ವೀಡನ್ನಿನ 2008ರ ಅಧ್ಯಯನದ ಪ್ರಿಂಟ್ ಹಿಡಿದು ಬಂದರು. ಸುಮಾರು ಮೂರು ಲಕ್ಷ ಗಾಲ್ಫ್ ಆಟಗಾರರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ 40% ಕಡಿಮೆಯಿತ್ತು. “ನಡೆಯೋಕೆ ಶಕ್ತಿ ಇರುವವರೇ ಗಾಲ್ಫ್ ಆಡೋಕೆ ಹೋಗಿರಬಹುದು, ಎಲ್ಲಾ ಆಟದ್ದೇ ಪುಣ್ಯ ಅನ್ನೋಕಾಗಲ್ಲ” ಅಂದೆ. ಇಂಜಿನಿಯರ್ ತಾನೇ, ಒಪ್ಪಿದರು.

ಆರು ವಾರ ಸ್ಕೋರ್ ಬರೆಯಬಾರದು ಅಂದೆ. ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿ, ಕಾರ್ಟ್, ಬೇಡ, ನಡೆಯಿರಿ. ಹದಿನೆಂಟು ಹೋಲ್ ನಡೆದರೆ ಎಂಟು-ಹತ್ತು ಕಿಲೋಮೀಟರ್ ಆಗುತ್ತೆ, ನಿಮ್ಮ ಮಂಡಿಗೆ ಒಂಬತ್ತೇ ಸಾಕು. ಗಾಲ್ಫ್ ನಿಯಮವೊಂದನ್ನು ಅವರಿಂದಲೇ ಕಲಿತು ಅವರಿಗೇ ತಿರುಗಿಸಿಕೊಟ್ಟೆ. ಕಳೆದುಹೋದ ಚೆಂಡನ್ನು ಮೂರು ನಿಮಿಷ ಮಾತ್ರ ಹುಡುಕಬಹುದು. 2019ಕ್ಕೆ ಮುಂಚೆ ಐದು ನಿಮಿಷ ಇತ್ತಂತೆ. ಬೆಳಗಿನ ಜಾವ ಹಳೇ ಆಫೀಸಿನ ಅವಮಾನ ನೆನಪಾದರೆ ಮೂರು ನಿಮಿಷ ಹುಡುಕಿ, ಆಮೇಲೆ ಎದ್ದು ನೀರು ಕುಡಿಯಿರಿ ಅಂದೆ. ತಮಾಷೆಗೆ ಹೇಳಿದ್ದು, ಅವರು ಗಡಿಯಾರ ನೋಡಿಕೊಂಡು ಮಾಡಿದರು.

ಸ್ಕೋರ್ ಬರೆಯೋದು ನಿಂತ ಮೇಲೆ ಬಾಯಿ ಬಿಟ್ಟರು. ಎದುರು ಕೂತು ಮಾತಾಡು ಅಂದರೆ ನಮ್ಮ ಕಡೆ ಗಂಡಸರಿಗೆ ಗಂಟಲು ಕಟ್ಟುತ್ತೆ. ಗಾಲ್ಫ್‌ನಲ್ಲಿ ಪಕ್ಕಪಕ್ಕ ನಡೆಯಬೇಕು, ಇಬ್ಬರ ಕಣ್ಣೂ ಚೆಂಡಿನ ಮೇಲೆ. ಎರಡು ಗಂಟೆಯಲ್ಲಿ ಹೊಡೆಯೋದು ಕೆಲವೇ ನಿಮಿಷ, ಉಳಿದದ್ದು ನಡಿಗೆ. ಏಳನೇ ಹೋಲ್ ಹತ್ತಿರ, ತಮಗೆ ಸಿಗಬೇಕಿದ್ದ ಬಡ್ತಿ ಜೂನಿಯರ್ ಒಬ್ಬನಿಗೆ ಹೋದ ಕಥೆ ಹೇಳಿದರಂತೆ. ಹೆಂಡತಿಗೂ ಹೇಳಿರಲಿಲ್ಲ. ಗೆಳೆಯ ಸಮಾಧಾನ ಮಾಡಲಿಲ್ಲ. “ನನಗೂ ಹಂಗೇ ಆಯ್ತು ಕಣೋ” ಅಂದು ಚೆಂಡು ಹೊಡೆದ.

ಎಲ್ಲಾ ಇದರಿಂದಲೇ ಸರಿಹೋಯಿತು ಅಂತ ಅಲ್ಲ. ಹೆಂಡತಿಗೆ ಬೇರೆಯೇ ಸಿಟ್ಟಿತ್ತು. “ಮೊದಲು ಫ್ಯಾಕ್ಟರಿ, ಈಗ ಗಾಲ್ಫು” ಅಂದರು, ನ್ಯಾಯವಾದ ಮಾತು. ಅದಕ್ಕೆ ಇಬ್ಬರನ್ನೂ ಕೂರಿಸಿ ಮೂರು ಸಲ ಮಾತಾಡಿದೆವು. ಭಾನುವಾರ ಆಟ ಇಲ್ಲ ಅಂತ ಅವರೇ ತೀರ್ಮಾನಿಸಿಕೊಂಡರು. ಅಡುಗೆಮನೆ ಆಕೆಯದೇ. ಪ್ರಶ್ನಾವಳಿಯ ಅಂಕ ಜಾಸ್ತಿಯಾದರೆ ಅಥವಾ ಬದುಕು ಸಾಕು ಅನ್ನಿಸಿದರೆ ಮನೋವೈದ್ಯರ ಹತ್ತಿರ ಹೋಗಲೇಬೇಕು ಅಂತ ಮೊದಲೇ ಹೇಳಿದ್ದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಬರೆದುಕೊಟ್ಟಿದ್ದೆ. ಬೇಕಾಗಲಿಲ್ಲ.

ನಾಲ್ಕು ತಿಂಗಳಿಗೆ ಆ ಅಂಕ 6ಕ್ಕೆ ಇಳಿಯಿತು. ಹೋದ ವಾರ ಅವರದೇ ಫೋನ್. “ಮೇಡಂ, ಗುರುವಾರ ಗಾಲ್ಫ್‌ಗೆ ನಾಲ್ವರಲ್ಲಿ ಒಬ್ಬರು ಕಡಿಮೆ ಇದ್ದಾರೆ, ನಮ್ಮ ಅಪಾಯಿಂಟ್‌ಮೆಂಟ್ ಶುಕ್ರವಾರಕ್ಕೆ ಹಾಕ್ಕೊಳ್ಳೋಣ್ವಾ?” ಹಾಕಿಕೊಂಡೆ.