ಡಕ್ಟ್ ಖಾಲಿ, ಆದರೂ ಕೇಬಲ್ ಸಾಗದು

ಪ್ರಶ್ನೆ: ಸಾಫ್ಟ್‌ವೇರ್ ತೋರಿಸುವ ಖಾಲಿ ಡಕ್ಟ್ (ಕೇಬಲ್ ಹಾಯಿಸಲು ನೆಲದಡಿ ಹೂತ ಪೈಪು) ಮಾರ್ಗದಲ್ಲಿ ಕೇಬಲ್ ನಡುವೆ ಸಿಕ್ಕಿಕೊಳ್ಳುತ್ತದೆ. ತಪ್ಪೆಲ್ಲಿದೆ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಬಹುಶಃ ನಕ್ಷೆಯಲ್ಲಿ ಇಡೀ ಟ್ರೆಂಚನ್ನು (ಪೈಪುಗಳನ್ನು ಹೂತ ಕಾಲುವೆ) ಒಂದೇ ಗೆರೆಯಾಗಿ ಎಳೆದಿದ್ದೀರಿ. ಒಂದೊಂದು ಪೈಪಿಗೂ ಬೇರೆ ಗೆರೆ ಬೇಕು. ಚೇಂಬರಿನಲ್ಲಿ (ಪೈಪುಗಳು ಬಂದು ಸೇರುವ ಗುಂಡಿ) ಯಾವ ಪೈಪು ಎದುರಿನ ಯಾವುದಕ್ಕೆ ಸೇರುತ್ತದೆ ಎಂಬುದನ್ನೂ ದಾಖಲಿಸಿ. ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಇವನ್ನು ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಗುರುತಿಸಿ, ಕಡಿಮೆ ವೆಚ್ಚದ ದಾರಿ ಹುಡುಕುವ ಪಿಜಿರೌಟಿಂಗ್‌ನಲ್ಲಿ ಉದ್ದವನ್ನೇ ವೆಚ್ಚವಾಗಿಡಿ. ತುಂಬಿದ ಪೈಪಿಗೆ ಎರಡೂ ದಿಕ್ಕಿನ ವೆಚ್ಚ -1 ಕೊಟ್ಟರೆ ಹುಡುಕಾಟ ಅದನ್ನು ಬಿಟ್ಟುಬಿಡುತ್ತದೆ. ಸೊನ್ನೆ ಕೊಡಬೇಡಿ, ಪುಕ್ಕಟೆ ದಾರಿ ಅಂತ ಅಲ್ಲೇ ನುಗ್ಗುತ್ತದೆ!

ಇಷ್ಟಾದರೂ ನಕ್ಷೆಗೆ ಹೂಳು ಕಾಣದು. ನಿಮ್ಮ ಕಡೆಯ ಎರೆಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವಾಗ ಕಪ್ಲರ್ (ಪೈಪು ಜೋಡಿಸುವ ಕೊಂಡಿ) ಸರಿದು ಕೆಸರು ಒಳಗಿಳಿಯಬಹುದು. 33 ಮಿ.ಮೀ. ಒಳವ್ಯಾಸದ ಪೈಪಿಗೆ ಮೊದಲು ಸ್ಪಂಜು, ಆಮೇಲೆ ಸುಮಾರು 26 ಮಿ.ಮೀ. ಮ್ಯಾಂಡ್ರೆಲ್ (ದಾರಿ ತೆರೆದಿದೆಯೇ ಎಂದು ನೋಡುವ ಗಟ್ಟಿ ತುಂಡು) ದಾಟಿಸಿ. ಅದು ನಿಂತರೆ ದೂರ ಬರೆದುಕೊಂಡು, ಆ ಗೆರೆಗೂ -1 ಹಾಕಿ.