ಬಂಕರಿನೊಳಗಿನ ಹಿಟ್ಲರ್

ಪ್ರಶ್ನೆ: ‘ಡೌನ್‌ಫಾಲ್’ ಚಿತ್ರದಲ್ಲಿ ಹಿಟ್ಲರನನ್ನು ಸಾಮಾನ್ಯ ಮನುಷ್ಯನಂತೆ ತೋರಿಸಿರುವುದು ಅವನ ಅಪರಾಧಗಳನ್ನು ಹಗುರಗೊಳಿಸುವುದಿಲ್ಲವೇ?

ಉತ್ತರ: ಬರ್ಲಿನ್ನಿನ ನೆಲದಡಿಯ ಬಂಕರಿನಲ್ಲಿ ಹಿಟ್ಲರನ ಕೊನೆಯ ದಿನಗಳನ್ನು ತೋರಿಸುವ ಈ ಚಿತ್ರ 2004ರಲ್ಲಿ ತೆರೆಕಂಡಾಗ ಜರ್ಮನಿಯಲ್ಲಿಯೂ ಇದೇ ಆಕ್ಷೇಪ ಎದ್ದಿತ್ತು, ನಾನು ಅದನ್ನು ಒಪ್ಪುವುದಿಲ್ಲ. ಬ್ರೂನೋ ಗಾಂಟ್ಸ್ ಅಭಿನಯಿಸಿದ ಹಿಟ್ಲರ್ ತನ್ನ ಕಾರ್ಯದರ್ಶಿ ಟ್ರೌಡ್ಲ್ ಯುಂಗೆಯೊಡನೆ ಮೃದುವಾಗಿ ಮಾತನಾಡುತ್ತಾನೆ, ಬೆನ್ನ ಹಿಂದೆ ಇಟ್ಟುಕೊಂಡ ಎಡಗೈ ಮಾತ್ರ ನಡುಗುತ್ತಲೇ ಇರುತ್ತದೆ. ಅದೇ ಮನುಷ್ಯ ಬರ್ಲಿನ್ನಿನ ನಾಗರಿಕರ ಗತಿಯೇನೆಂದು ಕೇಳಿದಾಗ ಎಳ್ಳಷ್ಟೂ ಕರುಣೆ ತೋರುವುದಿಲ್ಲ. ಅವನನ್ನು ರಾಕ್ಷಸನೆಂದು ದೂರವಿಟ್ಟಿದ್ದರೆ ಈ ಭೀಕರತೆ ನಮಗೆ ತಟ್ಟುತ್ತಲೇ ಇರಲಿಲ್ಲ. 1945ರ ಏಪ್ರಿಲ್ 22ರಂದು ಬರ್ಲಿನ್ನನ್ನು ಸುತ್ತುವರಿಯುತ್ತಿದ್ದ ಸೋವಿಯತ್ ಸೇನೆಯ ಮೇಲೆ ಜನರಲ್ ಸ್ಟೈನರ್ ನಡೆಸಬೇಕಿದ್ದ ದಾಳಿ ನಡೆಯಲೇ ಇಲ್ಲವೆಂದು ಸೇನಾಧಿಕಾರಿಗಳು ಅಂಜುತ್ತಂಜುತ್ತ ತಿಳಿಸುವ ದೃಶ್ಯವನ್ನು ಗಮನಿಸಿ: ಎದುರಿನವರು ನಿಜ ಹೇಳಲು ಹೆದರುವ ಆಡಳಿತ ಕೊನೆಗೆ ನಕಾಶೆಯ ಮೇಲಿನ ಸೈನ್ಯಗಳನ್ನೇ ನಂಬಿಕೊಂಡು ಕೂರುತ್ತದೆ. ಪ್ರಚಾರ ಸಚಿವ ಗೋಬೆಲ್ಸ್‌ನ ಹೆಂಡತಿ ಮಾಗ್ಡಾ ತನ್ನ ಆರು ಮಕ್ಕಳಿಗೆ ವಿಷವಿಡುವ ದೃಶ್ಯವನ್ನಂತೂ ನೋಡಲಾಗದು.

ನನ್ನ ತಕರಾರು ಬೇರೆಯದು. ಚಿತ್ರದಲ್ಲಿ ಕರುಣಾಳುವಾಗಿ ಕಾಣುವ ವೈದ್ಯ ಶೆಂಕ್ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಅಧಿಕಾರಿಯಾಗಿದ್ದು, ಮೌಟ್‌ಹೌಸೆನ್ ಯಾತನಾ ಶಿಬಿರದ ಕೈದಿಗಳ ಮೇಲೆ ಆಹಾರದ ಪ್ರಯೋಗಗಳನ್ನು ನಡೆಸಿದವನು. ಆ ಸಂಗತಿಯನ್ನು ಚಿತ್ರ ಮುಟ್ಟುವುದೇ ಇಲ್ಲ. ಅಪರಾಧ ಹಗುರಗೊಂಡಿರುವುದು ಹಿಟ್ಲರನ ಪಾತ್ರದಲ್ಲಲ್ಲ, ಇಲ್ಲಿ.